ನಾಲಗೆಗೆ ಸಿಗದ ಸುಣ್ಣ

"ಅಮ್ಮಾ, ಪುತ್ತಬ್ಬ ಅಂಕಲ್ ಯಾಕೆ ಫಿಶ್‌ದು ವಾಟರ್ ಟೇಸ್ಟ್ ಮಾಡುದು? ಫಿಶ್ ಅದ್ರಲ್ಲೇ ಸೂಸು ಮಾಡ್ತದಲ್ವಾ?"

ಅಶ್ಮಿತಾ ಇದನ್ನು ಕೇಳಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ಲಿಫ್ಟಿನ ಎದುರು ನಿಂತು, ಪುತ್ತಬ್ಬಾಕನಿಗೆ ಕೇಳುವಷ್ಟು ಜೋರಾಗಿ. ಅವರ ತೋರುಬೆರಳು ಇನ್ನೂ ಬಾಯಿಯಲ್ಲೇ ಇತ್ತು. ಬೆರಳು ತೆಗೆದು ಲುಂಗಿಗೆ ಒರೆಸಿಕೊಂಡು, "ಮಾಡ್ಲಿ ಪುಳ್ಳಿ. ಸಮುದ್ರದಲ್ಲಿ ಮಾಡುದಿಲ್ವಾ?" ಎಂದರು, ಮೊಮ್ಮಗಳಿಗೆ ಹೇಳುವ ಹಾಗೆ. ಆರು ವರ್ಷದ ನನ್ನ ಮಗಳಿಗೆ ಆ ಉತ್ತರ ಸಾಕಾಯಿತು. ಆಮೇಲೆ ಒಂದು ವಾರ ಸಾರಿನ ಪಾತ್ರೆಗೆಲ್ಲ ಬೆರಳು ಅದ್ದಿ ಬೈಸಿಕೊಂಡಳು.

ಪುತ್ತಬ್ಬಾಕ ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಐದು ಮಹಡಿಯ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ. ಕಸ ಇಳಿಸುವುದು, ಮೋಟಾರು ಹಾಕುವುದು, ಲಿಫ್ಟ್ ನಿಂತರೆ ಇಪ್ಪತ್ತು ಮನೆಯ ಬೈಗುಳ ಕೇಳುವುದು, ಎಲ್ಲ ಅವರದೇ ಪಾಲು. ಇರುವುದು ಲಾಬಿಯ ಪಕ್ಕದ ಒಂದು ಕೋಣೆಯಲ್ಲಿ. ಹುಟ್ಟಿದ್ದು ಉಳ್ಳಾಲದಲ್ಲಿ. ಮಂಗಳೂರಿನ ಬಂದರು ಧಕ್ಕೆಯಲ್ಲಿ ಮೀನಿಗೆ ಉಪ್ಪು ಹಾಕುವ ಕೆಲಸಕ್ಕೆ ಸೇರಿದಾಗ ಹದಿನಾಲ್ಕು ವರ್ಷವಂತೆ. ತೊಟ್ಟಿಯ ಉಪ್ಪುನೀರು ಸರಿಯಾಗಿದೆಯೇ ಎಂದು ನಾಲಗೆಯಲ್ಲೇ ಹೇಳಲು ಕಲಿತದ್ದು ಅಲ್ಲಿ. ಕುವೈತಿಗೆ ಬಂದು ಮೊದಲು ಒಂದು ಬಕಾಲಾ ಅಂಗಡಿಯಲ್ಲಿ ದಿನಸಿ ಹೊತ್ತರು. ಈ ಕಟ್ಟಡಕ್ಕೆ ಬಂದು ಒಂಬತ್ತು ವರ್ಷ. ಈಗ ಐವತ್ತೊಂಬತ್ತು ಪ್ರಾಯ. ನನ್ನ ಅಪ್ಪನಿಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ. ನಾನೆಷ್ಟು ಹೇಳಿದರೂ ಬಿಡಲಿಲ್ಲ.

ಲಾಬಿಯಲ್ಲಿ ಗೋಡೆಯುದ್ದಕ್ಕೂ ಒಂದು ಗಾಜಿನ ತೊಟ್ಟಿ ಇದೆ. ಆರುನೂರು ಲೀಟರ್ ಸಮುದ್ರದ ನೀರು, ಒಳಗೆ ಬಂಡೆ, ಹವಳ, ಹನ್ನೊಂದು ಮೀನು. ಕಟ್ಟಡದ ಮಾಲೀಕ ಅಬು ನಾಸರ್‌ಗೆ ಅದರ ಮೇಲೆ ಜೀವ. ಅದರಲ್ಲೂ ಮೈಮೇಲೆ ಹಳದಿ ಪಟ್ಟೆಯಿರುವ ಒಂದು ದೊಡ್ಡ ನೀಲಿ ಮೀನನ್ನು ತೀರಿಹೋದ ಅವರ ಹೆಂಡತಿ, ಅದಿನ್ನೂ ಬೆರಳುದ್ದದ ಮರಿಯಾಗಿದ್ದಾಗ, ತಂದು ಬಿಟ್ಟದ್ದಂತೆ. ಸಂಜೆ ಬಂದು ಕುರ್ಚಿ ಹಾಕಿಸಿಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದರು. ನಮ್ಮ ಅಶ್ಮಿ ಪಕ್ಕದಲ್ಲಿ ನೆಲದ ಮೇಲೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಆ ತೊಟ್ಟಿಯ ನೀರು ನೋಡಿಕೊಳ್ಳುವವರು ಪುತ್ತಬ್ಬಾಕ. ಎರಡು ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ಬಕೀಟಿನಲ್ಲಿ ಬರುವ ಪುಡಿಯುಪ್ಪನ್ನು ಸಿಹಿನೀರಿಗೆ ಕಲಸಿ, ಹೊಸ ಸಮುದ್ರ ಮಾಡಿ ಸುರಿಯಬೇಕು. ಮೀಟರು ಗೀಟರು ಇಲ್ಲ. ಬೆರಳು, ನಾಲಗೆ, "ಸರಿ ಉಂಟು."

ಇಷ್ಟೇ ಆಗಿದ್ದರೆ ನಾನು ಅವರ ಬಗ್ಗೆ ಬರೆಯಬೇಕಾಗಿರಲಿಲ್ಲ.

ಅವರ ಮಗ ಝಹೀರ್ ಎರಡು ವರ್ಷದ ಹಿಂದೆ ಇಲ್ಲಿಗೆ ಬಂದವನು. ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ಮಾರ್ಚಿನಲ್ಲಿ ಆರನೇ ರಿಂಗ್ ರೋಡಿನಲ್ಲಿ ಒಂದು ಕಾರು ಹಿಂದಿನಿಂದ ಹೊಡೆಯಿತು. ಬೆನ್ನುಮೂಳೆಗೆ ಪೆಟ್ಟು. ಇಪ್ಪತ್ನಾಲ್ಕು ವರ್ಷದ ಹುಡುಗ ಕುತ್ತಿಗೆಯಿಂದ ಕೆಳಗೆ ಅಲುಗದೆ, ಗಂಟಲಿಗೆ ನಳಿಕೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಮಾತಿಲ್ಲ. ಹೌದು ಎನ್ನಲು ಒಮ್ಮೆ ರೆಪ್ಪೆ ಮುಚ್ಚುತ್ತಾನೆ, ಅಲ್ಲ ಎನ್ನಲು ಎರಡು ಸಲ. ಇನ್ನೊಂದು ಆಪರೇಷನ್ ಆಗಬೇಕು, ಅದು ಕೂಡಿಬಂದರೆ ಡಿಸೆಂಬರಿನಲ್ಲಿ ವಿಮಾನದಲ್ಲಿ ಊರಿಗೆ ಕಳಿಸಬಹುದು, ಅಲ್ಲಿಯವರೆಗೆ ಅಲುಗಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ದಿನಾ ಸಂಜೆ ನಾಲ್ಕರಿಂದ ಐದು ನೋಡಲು ಬಿಡುತ್ತಾರೆ. ಪುತ್ತಬ್ಬಾಕ ಒಂದು ದಿನವೂ ತಪ್ಪಿಸಿದವರಲ್ಲ. ಹೋಗಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಮೀನುಗಳ ಸುದ್ದಿ ಹೇಳುತ್ತೇನೆ ಎಂದರು. ಯಾವುದು ತಿಂದಿತು, ಯಾವುದು ಯಾವುದನ್ನು ಅಟ್ಟಿಸಿತು, ಒಂದೊಂದಾಗಿ ಹನ್ನೊಂದರದ್ದೂ. ಝಹೀರ್ ರಜೆಯ ದಿನ ಬಂದಾಗ ಅದೇ ತೊಟ್ಟಿಯ ಗಾಜು ಒರೆಸುತ್ತಿದ್ದನಲ್ಲ. ಉಳ್ಳಾಲದಲ್ಲಿರುವ ಹೆಂಡತಿ ಆಚುಮ್ಮನಿಗೆ ಮಗ ಎದ್ದು ಕೂರುತ್ತಾನೆ ಎಂದು ಹೇಳಿಟ್ಟಿದ್ದರು.

ಪುತ್ತಬ್ಬಾಕನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಆಗಸ್ಟ್ ಕೊನೆಗೆ ಮುಗಿಯುವುದಿತ್ತು. ಕಫೀಲ್, ಅಂದರೆ ಅವರಿಗೆ ಜಾಮೀನು ನಿಂತ ಧಣಿ ಅಬು ನಾಸರ್, ಸಹಿ ಹಾಕದಿದ್ದರೆ ಅವರು ಈ ದೇಶ ಬಿಡಬೇಕು, ಮಗ ಇಲ್ಲಿ ಉಳಿಯಬೇಕು. ಅರವತ್ತರ ಹೊಸ್ತಿಲಲ್ಲಿರುವವರನ್ನು ಬೇರೆ ಕಫೀಲ್ ಯಾರು ತೆಗೆದುಕೊಳ್ಳುತ್ತಾರೆ? ಅಬು ನಾಸರ್ ಚಿಕಿತ್ಸೆಗೆಂದು ಜೂನ್ ಕೊನೆಗೆ ಜರ್ಮನಿಗೆ ಹೊರಟಾಗ ಪುತ್ತಬ್ಬಾಕ ಕಾರಿನ ಬಾಗಿಲಲ್ಲಿ ನಿಂತು ವಿಷಯ ನೆನಪಿಸಿದರು. ಮೀನು ನೋಡಿಕೋ, ಬಂದು ಸಹಿ ಹಾಕುತ್ತೇನೆ ಎಂದರಂತೆ ಆ ಮುದುಕರು. ಅವರ ಮಗ ನಾಸರ್‌ಗೆ ಹಾರಿಸೇ ಬೇಡ, ಕಟ್ಟಡವನ್ನು ಒಂದು ಕಂಪನಿಗೆ ವಹಿಸಿಬಿಡೋಣ ಎಂಬ ಯೋಚನೆ ಇತ್ತು. ಹಾಗಾಗಿ ಉಳಿದದ್ದು ಮುದುಕರ ಆ ಒಂದು ಮಾತು ಮಾತ್ರ.

ಆಗಸ್ಟಿನ ಎರಡನೆಯ ಶನಿವಾರ ನಾಸರ್ ಫೋನು ಮಾಡಿ, ಬಾಬಾ ಬುಧವಾರ ಬರುತ್ತಾರೆ ಎಂದ. ಪುತ್ತಬ್ಬಾಕನಿಗೆ ತೊಟ್ಟಿಯನ್ನು ಹೊಳೆಯುವ ಹಾಗೆ ಇಡಬೇಕೆನಿಸಿತು. ಸ್ವಲ್ಪ ನೀರು ಬದಲಿಸುವ ಕಡೆ ಅರ್ಧ ತೊಟ್ಟಿಯನ್ನೇ ಬದಲಿಸಲು ಹೊರಟರು.

ಇಲ್ಲಿ ನಮ್ಮ ನಳ್ಳಿಗಳ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಇಲ್ಲಿ ಕೆಂಪು ನಳ್ಳಿ ತಣ್ಣಗೆ, ನೀಲಿ ನಳ್ಳಿ ಬಿಸಿ. ತಾರಸಿಯ ಟ್ಯಾಂಕು ಐವತ್ತು ಡಿಗ್ರಿ ಬಿಸಿಲಿನಲ್ಲಿ ಬೇಯುತ್ತಿರುತ್ತದೆ, ನೀಲಿ ನಳ್ಳಿಗೆ ಆ ನೀರು ನೇರ ಬರುತ್ತದೆ. ಅದಕ್ಕೆ ಮೇ ಬಂತೆಂದರೆ ಎಲ್ಲರೂ ಗೀಸರಿನ ಸ್ವಿಚ್ ಆರಿಸುತ್ತೇವೆ. ಎ.ಸಿ. ಮನೆಯೊಳಗಿನ ಗೀಸರಿನಲ್ಲಿ ನೀರು ನಿಂತು, ತಣಿದು, ಕೆಂಪು ನಳ್ಳಿಗೆ ಬರುತ್ತದೆ. ಅಶ್ಮಿಯನ್ನು ಮೀಯಿಸುವುದು ಕೆಂಪು ನಳ್ಳಿಯಿಂದ. ಪುತ್ತಬ್ಬಾಕ ಮೀನಿಗೆ ಹಿಡಿಯುತ್ತಿದ್ದದ್ದೂ ತಮ್ಮ ಕೋಣೆಯ ಕೆಂಪು ನಳ್ಳಿಯ ನೀರನ್ನೇ. ಆದರೆ ಗೀಸರಿನಲ್ಲಿ ಹಿಡಿಯುವುದು ಐವತ್ತು ಲೀಟರ್. ಆ ದಿನ ಬೇಕಾದದ್ದು ಮುನ್ನೂರು.

ಮಧ್ಯಾಹ್ನ ಮೂರು ಗಂಟೆಗೆ ನಾನು ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಸೊಂಟದ ಮೇಲೆ ಅಶ್ಮಿ, ಬೆವರುಸಾಲೆ ತುರಿಸಿ ತುರಿಸಿ ಅಳು. ಲಿಫ್ಟ್ ಬಂದಿತ್ತು. ಕೋಣೆಯ ಬಾಗಿಲಲ್ಲಿ ಪುತ್ತಬ್ಬಾಕ, ಮೊಣಕೈವರೆಗೆ ಒದ್ದೆ, ಹಿಂದೆ ದೊಡ್ಡ ಡ್ರಮ್ಮು.

"ಅಕ್ಕ, ನೀವು ಬಿ.ಎಸ್ಸಿ. ಕೆಮಿಸ್ಟ್ರಿ ಅಲ್ವಾ? ತಣ್ಣೀರಲ್ಲಿ ಉಪ್ಪು ಕರಗುದೇ ಇಲ್ಲ. ನಾಲ್ಕಕ್ಕೆ ಹುಡುಗನತ್ರ ಹೋಗ್ಬೇಕು. ಬಿಸಿನೀರಲ್ಲಿ ಬೇಗ ಕರಗುದಲ್ವಾ?"

"ಹೌದು ಪುತ್ತಬ್ಬಾಕ, ಬೇಗ ಕರಗ್ತದೆ," ಎಂದೆ. ಲಿಫ್ಟಿನ ಬಾಗಿಲು ಮುಚ್ಚಿತು.

ಅಷ್ಟೇ. ಎರಡು ಕ್ಷಣದ ಮಾತು. ಚಹಾಕ್ಕೆ ಸಕ್ಕರೆ ಕರಗುವ ಹಾಗೆ ಅಂದುಕೊಂಡು ಹೇಳಿದ್ದು.

ಆಮೇಲಿನದ್ದನ್ನು ಅವರೇ ಹೇಳಿದರು. ನೀಲಿ ನಳ್ಳಿಯ ಸುಡುನೀರನ್ನು ಡ್ರಮ್ಮಿನ ತಳದಲ್ಲಿದ್ದ ಉಪ್ಪಿನ ಮೇಲೆಯೇ ಬಿಟ್ಟರು. ನೀರು ಹಾಲಿನ ಹಾಗಾಯಿತು. ಉಪ್ಪು ಇನ್ನೂ ಕರಗಿಲ್ಲ, ಬಿಸಿ ಸಾಲದು ಎಂದುಕೊಂಡು ಕೆಟಲಿನಲ್ಲಿ ಕುದಿಸಿದ ನೀರನ್ನೂ ಸುರಿದರು. ಆಸ್ಪತ್ರೆಗೆ ಹೋಗಿ, ಹನ್ನೊಂದರ ಸುದ್ದಿ ಹೇಳಿ ಬಂದರು. ಅಷ್ಟು ಹೊತ್ತಿಗೆ ಬಿಳಿ ಪುಡಿ ತಳಕ್ಕೆ ಕೂತಿತ್ತು. ಮೇಲಿನ ನೀರು ಬೆರಳಿಗೆ ಉಗುರುಬೆಚ್ಚಗೆ, ನಾಲಗೆಗೆ ಸರಿಯಾದ ಸಮುದ್ರ. ಸೂರ್ಯಾಸ್ತದ ಮಗ್ರಿಬ್ ಬಾಂಗಿಗೆ ಮೊದಲು ಸುರಿದು ಮುಗಿಸಿದರು. ಸುರಿಯುವಾಗ ತಳದ ಪುಡಿಯೂ ಎದ್ದು ಹೋಯಿತು.

ಭಾನುವಾರ ಬೆಳಿಗ್ಗೆ ಖುಬ್ಬೂಸ್ ರೊಟ್ಟಿ ತರಲು ಇಳಿದಾಗ ಅಶ್ಮಿ ಗಾಜಿಗೆ ಮುಖ ಒತ್ತಿ, ಫಿಶ್ ಎಲ್ಲ ಮೇಲೆ ಬಂದು ಬಾಯಿ ಬಾಯಿ ಮಾಡ್ತಾವೆ ಎಂದಳು. ನೀರು ಮಂಜಾಗಿತ್ತು. ನಾಲ್ಕು ಮೀನು ಮಗ್ಗುಲಾಗಿ ತೇಲುತ್ತಿದ್ದವು. ಪುತ್ತಬ್ಬಾಕ ನೆಲದ ಮೇಲೆ ಕುಳಿತಿದ್ದರು. ನನ್ನನ್ನು ಕಂಡದ್ದೇ ಎದ್ದು ತೋರುಬೆರಳು ಅದ್ದಿ ನಾಲಗೆಗಿಟ್ಟು, ಉಪ್ಪು ಸರಿ ಉಂಟು ಅಕ್ಕ, ಉಪ್ಪು ಸರಿ ಉಂಟು ಎಂದು ಎರಡು ಸಲ ಹೇಳಿದರು. ತಮ್ಮ ನಾಲಗೆಯನ್ನೇ ಸಾಕ್ಷಿಗೆ ಕರೆದ ಹಾಗಿತ್ತು.

ನಾನು ಉಪ್ಪಿನ ಬಕೀಟು ನೋಡಿದೆ. ಬದಿಯಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರ: ನೀರು ಇಪ್ಪತ್ತೈದು ಡಿಗ್ರಿ ಮೀರಬಾರದು. ಉಪ್ಪನ್ನು ನೀರಿಗೆ ಹಾಕಿ, ನೀರನ್ನು ಉಪ್ಪಿಗೆ ಹಾಕಬೇಡಿ. ಮೂರು ವರ್ಷದಿಂದ ಆ ಬಕೀಟಿನ ಪಕ್ಕದಲ್ಲೇ ನಡೆದು ಹೋಗಿದ್ದೇನೆ. ಪುತ್ತಬ್ಬಾಕನಿಗೆ ಇಂಗ್ಲಿಷ್ ಓದಲು ಬಾರದೆಂದು ನನಗೆ ಗೊತ್ತಿತ್ತು. ಒಮ್ಮೆ ಓದಿ ಹೇಳಬಹುದಿತ್ತು.

ಅವರನ್ನು ಮೇಲೆ ಕರೆದುಕೊಂಡು ಬಂದು ಅಡಿಗೆಕಟ್ಟೆಯಲ್ಲಿ ಎರಡು ಗಾಜಿನ ಲೋಟ ಇಟ್ಟೆ. ಒಂದಕ್ಕೆ ಕೆಂಪು ನಳ್ಳಿಯ ನೀರು, ಇನ್ನೊಂದಕ್ಕೆ ಕೆಟಲಿನದ್ದು. ಎರಡಕ್ಕೂ ಆ ಬಕೀಟಿನ ಉಪ್ಪು, ಸಮ ಸಮ ಚಮಚ. ಅಶ್ಮಿ ಕಲಕಿದಳು. ತಣ್ಣಗಿನ ಲೋಟ ನಿಧಾನವಾಗಿ, ಆದರೆ ಪೂರ್ತಿ ತಿಳಿಯಾಯಿತು. ಬಿಸಿಯದರಲ್ಲಿ ಉಪ್ಪು ಬೇಗ ಮಾಯವಾಯಿತು, ಅದರ ಬೆನ್ನಿಗೇ ಮಜ್ಜಿಗೆಯ ನೀರಿನಂಥ ಬಿಳಿ ಎದ್ದಿತು.

ಬಿಸಿಯದು ತಣಿದ ಮೇಲೆ ರುಚಿ ನೋಡಿ ಎಂದೆ. ಒಂದಾದ ಮೇಲೊಂದಕ್ಕೆ ಬೆರಳಿಟ್ಟರು. ಮತ್ತೆ ಮೊದಲಿನದಕ್ಕೇ ಇಟ್ಟರು.

"ಎರಡೂ ಒಂದೇ ಉಂಟಲ್ಲ ಅಕ್ಕ."

ನನಗೆ ತಿಳಿದಷ್ಟು ಹೇಳಿದೆ. ಸಮುದ್ರದ ಉಪ್ಪೆಂದರೆ ಒಂದೇ ಉಪ್ಪಲ್ಲ, ಹಲವು ಉಪ್ಪುಗಳ ಸಂಸಾರ. ನಾಲಗೆಗೆ ಸಿಗುವುದು ಅಡಿಗೆಯ ಉಪ್ಪು. ಅದಕ್ಕೆ ಬಿಸಿಯೂ ಒಂದೇ ತಣ್ಣಗೂ ಒಂದೇ. ಬಿಸಿನೀರಲ್ಲಿ ಬೇಗ ಕರಗುತ್ತದೆ ನಿಜ, ಆದರೆ ಹಿಡಿಯುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಕೆಲವು ಉಪ್ಪುಗಳು ಬಿಸಿಯಾದಷ್ಟೂ ಹೆಚ್ಚು ಕರಗುತ್ತವೆ. ಸುಣ್ಣದ ಜಾತಿಯದ್ದು ತಿರುಗಾಮುರುಗಾ, ನೀರು ಬಿಸಿಯಾದರೆ ಬಿಟ್ಟು ಹೊರಗೆ ಬರುತ್ತದೆ. ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಅದಕ್ಕೇ. ನಿಮ್ಮ ಡ್ರಮ್ಮಿನಲ್ಲಿ ಕೂತದ್ದು ಕರಗದ ಉಪ್ಪಲ್ಲ, ಕರಗಿ ಹೊರಗೆ ಬಿದ್ದ ಸುಣ್ಣ. ಹವಳಕ್ಕೆ ಬೇಕಾದದ್ದು ಅದೇ, ಮೀನಿನ ಕಿವಿರಿಗೆ ಪುಡಿಯಾಗಿ ಹೊಕ್ಕದ್ದೂ ಅದೇ. ಮೇಲಿಂದ ಬೆಚ್ಚಗಿನ ನೀರಿನಲ್ಲಿ ಉಸಿರಾಡುವ ಗಾಳಿಯೂ ಕಡಿಮೆ.

ಅವರು ಎರಡೂ ಲೋಟಗಳನ್ನು ನೋಡುತ್ತಲೇ ಇದ್ದರು. ಧಕ್ಕೆಯಲ್ಲಿ ತೊಟ್ಟಿಗೆ ಬಿಸಿನೀರು ಹಾಕಿದ್ದೇ ಇಲ್ಲವಲ್ಲ ಎಂದರು, ತಮಗೆ ತಾವೇ.

"ತಪ್ಪು ನಂದು ಪುತ್ತಬ್ಬಾಕ. ನೀವು ಕೇಳಿದ್ರಿ, ನಾನು ಹೌದು ಅಂದೆ."

"ಉಪ್ಪಿನ ಮಟ್ಟಿಗೆ ನೀವು ಹೇಳಿದ್ದು ಸರಿಯೇ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬಕೀಟಿನಲ್ಲಿ ಇನ್ನೂ ಸುಮಾರು ನೂರೈವತ್ತು ಲೀಟರಿಗೆ ಆಗುವಷ್ಟು ಉಪ್ಪು ಉಳಿದಿತ್ತು. ಅಳುತ್ತ ಕೂರಲು ಸಮಯವಿರಲಿಲ್ಲ. ಬಾಗಿಲು ಬಾಗಿಲು ತಟ್ಟಿ ಕೆಂಪು ನಳ್ಳಿಯ ನೀರು ಬೇಡಿದೆ. ಎರಡನೇ ಮಹಡಿಯ ಕಾರ್ಮೆಲ್ ಬಾಯಿಯವರು ಒದ್ದೆ ಟವೆಲು ತಲೆಗೆ ಸುತ್ತಿಕೊಂಡು ಬಾಗಿಲು ತೆರೆದು, "ಇವತ್ತು ನನ್ನ ಸ್ನಾನ ಮೀನಿಗಾ? ತಗೊಳ್ಳಿ. ಕುವೈತಿ ಮೀನಿಗೆ ಮಂಗಳೂರಿನವರ ಸ್ನಾನದ ನೀರು," ಎಂದು ತಾವೇ ಬಕೀಟು ಹೊತ್ತು ಇಳಿದರು. ನನ್ನ ಗಂಡ ಅಕ್ಷಯ್ ಆಫೀಸಿನಿಂದ ಬರುವಾಗ ಗಾಳಿಯೂದುವ ಒಂದು ಚಿಕ್ಕ ಪಂಪು ತಂದರು. ಈ ಸಲ ನೀರಿಗೆ ಉಪ್ಪು, ಹಿಡಿ ಹಿಡಿಯಾಗಿ. ಅಶ್ಮಿಯ ಜ್ವರದ ಥರ್ಮಾಮೀಟರನ್ನು ಡ್ರಮ್ಮಿನೊಳಗೆ ಹಿಡಿದು ನಾನು ಕಾವಲು ಕೂತೆ. ಅದು ಇಪ್ಪತ್ತೈದನ್ನು ತೋರಿಸುವುದೇ ಇಲ್ಲ ಎಂದು ಹೊಳೆದದ್ದು ಆಮೇಲೆ. ಕೊನೆಗೆ ಅಶ್ಮಿಯ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿಯೇ ನೋಡಿದೆ.

ಪುತ್ತಬ್ಬಾಕ ಎಲ್ಲ ಮಾಡಿದರು, ಬೆರಳು ಮಾತ್ರ ಅದ್ದಲಿಲ್ಲ. ರುಚಿ ನೋಡುವುದನ್ನು ಆ ದಿನವೇ ಬಿಟ್ಟರು.

ನೀಲಿ ಮೀನು ಸೋಮವಾರದವರೆಗೆ ಜೀವ ಹಿಡಿದಿತ್ತು. ಮಂಗಳವಾರ ಮಧ್ಯಾಹ್ನದ ಅಸರ್ ನಮಾಜಿನ ಹೊತ್ತಿಗೆ ಉಳಿದದ್ದು ಮೂರು, ಮೂರೂ ಸಣ್ಣವು. ಹವಳ ಮೂಳೆಯ ಬಣ್ಣಕ್ಕೆ ತಿರುಗಿತ್ತು. ಕರೆಂಟು ಹೋಗಿತ್ತು ಎಂದು ಹೇಳಿಬಿಡಿ, ಪಂಪು ನಿಂತಿತು ಎಂದರೆ ಯಾರು ಕೇಳುತ್ತಾರೆ ಎಂದು ಅಕ್ಷಯ್ ಹೇಳಿದರು. ಪುತ್ತಬ್ಬಾಕ ಮೊದಲು ಹೂಂ ಎಂದರು. ಆಮೇಲೆ, ಕರೆಂಟು ಹೋಯಿತೆಂದರೆ ಮುದುಕರು ಜನರೇಟರ್ ನೋಡಿಕೊಳ್ಳುವ ಬಂಗಾಳಿ ಹುಡುಗನನ್ನು ಹಿಡಿಯುತ್ತಾರೆ, ಬೇಡ ಎಂದರು.

ಬುಧವಾರ ಅಬು ನಾಸರ್ ಗಾಲಿಕುರ್ಚಿಯಲ್ಲಿ ಬಂದರು. ತುಂಬ ಇಳಿದಿದ್ದರು. ತೊಟ್ಟಿಯ ಮುಂದೆ ಕುರ್ಚಿ ನಿಲ್ಲಿಸಲು ಸನ್ನೆ ಮಾಡಿದರು. ಪುತ್ತಬ್ಬಾಕ ತಮ್ಮ ಅರಬಿಯಲ್ಲಿ, ನಾನೇ, ನನ್ನ ಕೈಯಿಂದಲೇ ಎಂದರು. ಮುದುಕರು ಬೈಯಲಿಲ್ಲ. ಗಾಜಿನ ಮೇಲೆ ಅಂಗೈಯಿಟ್ಟು ಉಳಿದ ಮೂರನ್ನು ನೋಡಿದರು. ಆಮೇಲೆ "ಖಲಾಸ್" ಎಂದು, ಕುರ್ಚಿ ತಿರುಗಿಸಲು ಹೇಳಿದರು.

ನಾನು ಬಕೀಟನ್ನೂ ಎರಡು ಲೋಟಗಳನ್ನೂ ಹಿಡಿದುಕೊಂಡು ನಾಸರ್‌ನ ಕಾರಿನವರೆಗೆ ಹೋದೆ. ನನ್ನ ಇಂಗ್ಲಿಷಿನಲ್ಲಿ, ಬಿಸಿನೀರು ಹಾಕಲು ಹೇಳಿದವಳು ನಾನು, ಓದಿದವಳು ನಾನು, ಈ ಮನುಷ್ಯನಿಗೆ ಡಿಸೆಂಬರ್‌ವರೆಗೆ ಸಾಕು, ಮಗ ಆಸ್ಪತ್ರೆಯಲ್ಲಿದ್ದಾನೆ ಎಂದೆ. ಲೋಟದ ತಳದ ಬಿಳಿಯನ್ನೂ ತೋರಿಸಿದೆ. ನಾಸರ್ ಸೌಜನ್ಯದವನೇ, ಪೂರ್ತಿ ಕೇಳಿಸಿಕೊಂಡ. ಮೇಡಂ, ನೀವು ಈ ಕಟ್ಟಡದ ಹಾರಿಸ್ ಅಲ್ಲ ಎಂದ. ಸೆಪ್ಟೆಂಬರ್ ಒಂದರಿಂದ ಕಂಪನಿಯವರು ಬರುತ್ತಾರೆ, ಟಿಕೆಟ್ಟು ನಾನೇ ಕೊಡುತ್ತೇನೆ, ಹುಡುಗನನ್ನು ಆಸ್ಪತ್ರೆ ನೋಡಿಕೊಳ್ಳುತ್ತದೆ ಎಂದ.

ಅಲ್ಲಿಂದ ಹತ್ತು ದಿನ ನಾವು ಮಾಡದ ಪ್ರಯತ್ನವಿಲ್ಲ. ಎಂಬೆಸಿಯ ಸಾಲಿನಲ್ಲಿ ಅಕ್ಷಯ್ ಎರಡು ದಿನ ನಿಂತರು. ಊರಿನ ಸಂಘದವರು ನಾಸರ್‌ಗೆ ಫೋನು ಮಾಡಿ, ಅವನು ಎತ್ತುವುದನ್ನು ಬಿಟ್ಟ ಮೇಲೂ ಮಾಡುತ್ತಲೇ ಇದ್ದರು. ಅಬ್ಬಾಸಿಯಾದ ಒಬ್ಬ ಬಕಾಲಾದವನು ಇಕಾಮಾ ಮಾಡಿಸುತ್ತೇನೆ ಎಂದು, ಪ್ರಾಯ ಕೇಳಿದ್ದೇ ಸುಮ್ಮನಾದ. ಆಪರೇಷನ್ನಿನ ದಿನ ಅಕ್ಟೋಬರಿಗೆ ಹೋಯಿತು. ಮುಚ್ಚಿದ ಬಾಗಿಲುಗಳನ್ನು ನನ್ನ ಪುಸ್ತಕದಲ್ಲಿ ಒಂದೊಂದಾಗಿ ಬರೆದಿಟ್ಟಿದ್ದೇನೆ. ಯಾಕೆಂದು ಗೊತ್ತಿಲ್ಲ, ಬರೆದರೆ ಇನ್ನೊಂದು ಕಂಡೀತೋ ಎಂದು.

ಇವತ್ತು ಆಗಸ್ಟ್ ಇಪ್ಪತ್ತೊಂಬತ್ತು. ಬೆಳಿಗ್ಗೆ ಹತ್ತಕ್ಕೆ ಪುತ್ತಬ್ಬಾಕ ಮೇಲೆ ಬಂದರು. ನಾಳೆ ಅವರ ವಿಮಾನ. ಒಳಗೆ ಬನ್ನಿ ಎಂದರೂ ಬಾಗಿಲ ಹೊರಗೇ ನಿಂತರು. ಅಶ್ಮಿ ಓಡಿ ಹೋಗಿ, ಉಳಿದ ಮೂರು ಮೀನಿಗೆ ಹೆಸರಿಟ್ಟದ್ದನ್ನು ಹೇಳಿದಳು. ಕೇಳಿ ಅವಳ ತಲೆ ಸವರಿದರು. ಮಗನಿಗೆ ಏನು ಹೇಳಿದಿರಿ ಎಂದು ಕೇಳಿದೆ. ಕಫೀಲ್‌ನ ವಫ್ರಾ ತೋಟದಲ್ಲಿ ಕೆಲಸ ಉಂಟು, ದೂರ, ದಿನಾ ಬರಲಿಕ್ಕಾಗದು ಎಂದು ಹೇಳಿದ್ದಾರಂತೆ. ಅವನು ಬಹಳ ಹೊತ್ತು ಅವರನ್ನೇ ನೋಡಿ, ಒಮ್ಮೆ ರೆಪ್ಪೆ ಮುಚ್ಚಿದನಂತೆ.

ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದರು. ವಾರ್ಡು, ಹಾಸಿಗೆ ನಂಬರು, ಒಳ್ಳೆಯ ನರ್ಸಿನ ಹೆಸರು ಲೂರ್ಡ್ಸ್ ಎಂದು ಯಾರ ಕೈಯಿಂದಲೋ ಬರೆಸಿದ್ದರು. ಅದನ್ನು ನನ್ನ ಕೈಗೆ ಕೊಟ್ಟರು.

"ಅಕ್ಕ, ದಿನಾ ಬೇಡ. ನಿಮಗೆ ಮನೆ ಉಂಟು, ಮಗು ಉಂಟು. ವಾರಕ್ಕೊಮ್ಮೆ, ನಾಲ್ಕು ಗಂಟೆಗೆ. ತಲೆಯ ಹತ್ರ ನಿಂತು ಮೀನಿನ ಸುದ್ದಿ ಹೇಳಿ. ನೀಲಿಯದ್ದು ಮೊದಲು ಹೇಳ್ಬೇಕು, ಅವನಿಗೆ ಅದೇ ಇಷ್ಟ. ಎಷ್ಟುಂಟು ಅಂತ ಕಣ್ಣಲ್ಲೇ ಕೇಳ್ತಾನೆ. ಹನ್ನೊಂದು ಅಂತ ಹೇಳ್ತೀರಾ?"